ನಾಜಿ ಅಂಕಲ್ ಮುಟ್ಟದ ಕಾಫಿ

ಹಿಮ ಬಿದ್ದು ಶಾಲೆಗೆ ರಜೆಯೋ ಇಲ್ಲವೋ ಎಂಬುದು ಬೆಳಗಿನ ಜಾವ ಟಿವಿಯ ತಳದಲ್ಲಿ ಓಡುವ ಅಕ್ಷರಗಳಿಂದ ತಿಳಿಯುತ್ತಿದ್ದ ಕಾಲ ಅದು. ಫೋನುಗಳಿಗೆ ಮುಚ್ಚಳವಿತ್ತು. ಊರಿಗೆ ಮಾತಾಡಬೇಕಾದರೆ ಕಾಲಿಂಗ್ ಕಾರ್ಡಿನ ಹಿಂದಿನ ಬೆಳ್ಳಿ ಬಣ್ಣವನ್ನು ಉಗುರಿನಲ್ಲಿ ಕೆರೆದು ನಂಬರು ನೋಡಬೇಕಿತ್ತು, ಕೆರೆಯುವ ಹಕ್ಕು ನನ್ನದಾಗಿತ್ತು. ಇರಾಕಿನಲ್ಲಿ ಯುದ್ಧ ಶುರುವಾದ ಮೇಲಿನ ಎರಡನೆಯ ಚಳಿಗಾಲ. ನನಗೆ ಹನ್ನೊಂದು ವರ್ಷ. ಅಮೆರಿಕದಲ್ಲಿ, ವಾಷಿಂಗ್ಟನ್ನಿನ ಹತ್ತಿರದ ಗೈದರ್ಸ್‌ಬರ್ಗಿನ ಒಂದು ಟೌನ್‌ಹೌಸಿನಲ್ಲಿ ನಾವು ಮೂವರೇ ಇದ್ದೆವು. ಹಿಂದುಗಡೆ ಒಂದು ಕೊಳ, ಕೊಳದ ತುಂಬ ಜಗಳಗಂಟಿ ಬಾತುಗಳು.

ನಾನು ಹುಟ್ಟು ಪುಕ್ಕಲಿ. ಬಸ್ಸು ಎರಡು ನಿಮಿಷ ತಡವಾದರೆ ಅದು ಎಲ್ಲೋ ಉರುಳಿಬಿದ್ದಿದೆ ಎಂದೇ ನನ್ನ ತೀರ್ಮಾನ. ಅಪ್ಪ ಫೋನಿನಲ್ಲಿ ದನಿ ತಗ್ಗಿಸಿದರೆ ಮೈಸೂರಿನಲ್ಲಿ ಅಜ್ಜಿಗೇನೋ ಆಗಿದೆ ಎಂದು ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಶಾಲೆಯ ನರ್ಸಿಗೆ ನನ್ನ ಹೊಟ್ಟೆನೋವು ಎಷ್ಟು ಪರಿಚಯವೆಂದರೆ, ಬಾಗಿಲಲ್ಲಿ ನನ್ನ ಮುಖ ಕಂಡದ್ದೇ ಶುಂಠಿ ಸೋಡಾ, ಎರಡು ಉಪ್ಪು ಬಿಸ್ಕತ್ತು ತೆಗೆದಿಡುತ್ತಿದ್ದಳು.

ಆ ಜನವರಿಯಲ್ಲಿ ಮಾತ್ರ ನನ್ನ ಹೆದರಿಕೆಗೆ ಕಾರಣವಿತ್ತು. ಅಪ್ಪ ವಾಷಿಂಗ್ಟನ್ನಿನಲ್ಲಿ ದೇಶಗಳಿಗೆ ಸಾಲ ಕೊಡುವ ಒಂದು ದೊಡ್ಡ ಸಂಸ್ಥೆಯಲ್ಲಿ ಶಿಕ್ಷಣದ ವಿಭಾಗದಲ್ಲಿದ್ದರು. ಕಾಯಂ ಕೆಲಸವಲ್ಲ, ಕರಾರಿನದು. ಆ ಕರಾರು ತಿಂಗಳ ಕೊನೆಗೆ ಮುಗಿಯುವುದಿತ್ತು. ಮುಂದುವರಿಯುವುದು ಒಂದೇ ಒಂದು ಸಂಗತಿಯ ಮೇಲೆ ನಿಂತಿತ್ತು: ಕುವೈತಿನವರೂ ಇರಾಕಿನವರೂ ಮೂರು ವಾರ ಒಟ್ಟಿಗೆ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಒಬ್ಬರ ಶಾಲೆಯ ಸರ್ಟಿಫಿಕೇಟನ್ನು ಇನ್ನೊಬ್ಬರು ಒಪ್ಪುವುದು, ಇಬ್ಬರ ಮೇಷ್ಟ್ರುಗಳಿಗೂ ಒಟ್ಟಿಗೆ ತರಬೇತಿ ಕೊಡುವುದು, ಹೀಗೇನೋ. ಸಹಿ ಬಿದ್ದರೆ ಮುಂದಿನ ಹಂತದ ಕೆಲಸ ಅಪ್ಪನದು. ಬೀಳದಿದ್ದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ವೀಸಾವೂ ಹೋಗುತ್ತದೆ, ನಾವು ಗಂಟುಮೂಟೆ ಕಟ್ಟಬೇಕು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ಕದ್ದು ಕೇಳಿಸಿಕೊಂಡೆ. ಆಮೇಲೆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಏನೇನು ತೆಗೆದುಕೊಂಡು ಹೋಗಬಹುದು, ಏನೇನು ಬಿಟ್ಟುಹೋಗಬೇಕು ಎಂದು ಪಟ್ಟಿ ಬರೆದೆ. ಬಿಟ್ಟುಹೋಗುವ ಪಟ್ಟಿಯೇ ಉದ್ದವಾಯಿತು.

ಅಪ್ಪನಿಗೆ ಆ ಕೆಲಸದ ಮೇಲೆ ನಿಜವಾದ ನಂಬಿಕೆಯಿತ್ತು. ಊಟದ ಹೊತ್ತಿನಲ್ಲಿ ಅಮ್ಮನಿಗೆ ವಿವರಿಸುತ್ತಿದ್ದರು.

"ಅಕ್ಕಪಕ್ಕದ ದೇಶದ ಮಕ್ಕಳು ಒಂದೇ ಕ್ಲಾಸಲ್ಲಿ ಕೂತು ಓದಿದ್ರೆ, ನಾಳೆ ಜಗಳ ಆಡೋಕೆ ಮುಂಚೆ ಎರಡು ಸಲ ಯೋಚನೆ ಮಾಡ್ತಾರೆ ಕಣೇ. ಸ್ಟಡೀಸ್ ಎಲ್ಲ ಅದನ್ನೇ ಹೇಳುತ್ತೆ."

"ಒಂದೇ ಬಟ್ಟಲಲ್ಲಿ ಉಂಡ ಅಣ್ಣತಮ್ಮಂದಿರೇ ಕೋರ್ಟಿಗೆ ಹೋಗ್ತಾರೆ ಮಾರಾಯ್ರೆ," ಎನ್ನುತ್ತಿದ್ದಳು ಅಮ್ಮ, ಸಾರು ಬಡಿಸುತ್ತಾ.

ಅಮ್ಮ ಉಡುಪಿಯ ಕಡೆಯವಳು. ಮದುವೆಗೆ ಮುಂಚೆ ಅಣ್ಣನ ಸಂಸಾರದ ಜೊತೆ ಕುವೈತಿನಲ್ಲಿದ್ದು, ಅಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಎರಡು ವರ್ಷ ಗಣಿತ ಕಲಿಸಿದ್ದಳು. ತೊಂಬತ್ತನೆಯ ಇಸವಿಯ ಒಂದು ಆಗಸ್ಟ್ ಬೆಳಿಗ್ಗೆ ಎದ್ದು ನೋಡಿದರೆ ಬೀದಿಯಲ್ಲಿ ಇರಾಕಿನ ಟ್ಯಾಂಕುಗಳು ನಿಂತಿದ್ದವಂತೆ. ಕೆಲವು ವಾರ ಒಳಗೇ ಕೂತಿದ್ದು, ಉಟ್ಟ ಬಟ್ಟೆಯಲ್ಲಿ ಬಸ್ಸು ಹತ್ತಿ, ಇರಾಕನ್ನೇ ದಾಟಿ, ಜೋರ್ಡಾನಿನ ಮರಳಿನಲ್ಲಿ ಡೇರೆಯಲ್ಲಿದ್ದು ಊರು ಸೇರಿದ್ದರು. ಅವಳ ಸರ್ಟಿಫಿಕೇಟುಗಳೆಲ್ಲ ಅಲ್ಲಿನ ಬಾಡಿಗೆ ಮನೆಯ ಕಬ್ಬಿಣದ ಕಪಾಟಿನಲ್ಲೇ ಉಳಿದವು. ಊರಿನ ಕಾಲೇಜಿನವರು ನಕಲು ಕೊಟ್ಟರು. ಕುವೈತಿನ ಶಾಲೆಯ ಅನುಭವಪತ್ರ ಮಾತ್ರ ಸಿಗಲಿಲ್ಲ, ಆ ಶಾಲೆ ಮತ್ತೆ ತೆರೆಯಲೇ ಇಲ್ಲ. ಮೇರಿಲ್ಯಾಂಡಿನಲ್ಲಿ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದಾಗಲೆಲ್ಲ ಅದೇ ಕಾಗದ ಕೇಳುತ್ತಿದ್ದರು. ಹಾಗಾಗಿ ಅವಳು ನೆರೆಮನೆಯ ಮಕ್ಕಳಿಗೆ ನಮ್ಮ ಊಟದ ಮೇಜಿನಲ್ಲಿ ಭಿನ್ನರಾಶಿ ಹೇಳಿಕೊಟ್ಟುಕೊಂಡಿದ್ದಳು. ನಮ್ಮ ಪಾಸ್‌ಪೋರ್ಟುಗಳು, ನನ್ನ ಜನನಪತ್ರ, ಅಪ್ಪನ ಡಿಗ್ರಿಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅಕ್ಕಿ ಡ್ರಮ್ಮಿನೊಳಗೆ ಇರುತ್ತಿದ್ದವು. ಓಡುವಾಗ ಅಕ್ಕಿ, ಕಾಗದ ಎರಡೂ ಒಂದೇ ಕಡೆ ಸಿಗಬೇಕು ಎಂಬುದು ಅವಳ ಲೆಕ್ಕಾಚಾರ. ನನ್ನ ಪುಕ್ಕಲುತನ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಮೂರು ವಾರಗಳಲ್ಲಿ ಒಂದೂವರೆ ಕಳೆದಾಗ ಅಪ್ಪ ಎರಡೂ ಕಡೆಯ ಮುಖ್ಯಸ್ಥರನ್ನು ಭಾನುವಾರ ಊಟಕ್ಕೆ ಕರೆದರು. ಮೀಟಿಂಗಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ, ಮನೆಯಲ್ಲಿ ಕೂತು ಉಂಡರೆ ಸ್ವಲ್ಪ ಸಡಿಲಾದಾರು ಎಂದು.

"ಕುವೈತಿನವರು ಬರಲಿ," ಅಂದಳು ಅಮ್ಮ. "ಆ ಮನುಷ್ಯನಿಗೂ ನಾನು ಬಡಿಸ್ಬೇಕಾ?"

"ಅವರೊಬ್ಬ ಮೇಷ್ಟ್ರು ಕಣೇ. ಟ್ಯಾಂಕ್ ತಂದವರಲ್ಲ."

"ಬಡಿಸ್ತೇನೆ. ಕೂತು ಮಾತಾಡ್ಲಿಕ್ಕೆ ಮಾತ್ರ ಹೇಳ್ಬೇಡಿ."

ಆದರೂ ಅಡುಗೆಯಲ್ಲಿ ಅವಳು ಹಟ ತೋರಿಸಲಿಲ್ಲ. ಹಲಾಲ್ ಅಂಗಡಿಯಿಂದ ಕೋಳಿ ತರಿಸಿದಳು. ಕೊತ್ತಂಬರಿ, ಮೆಣಸು, ತೆಂಗಿನತುರಿ ಹುರಿದ ಘಾಟಿಗೆ ಹೊಗೆಯ ಅಲಾರಾಂ ಎರಡು ಸಲ ಕೂಗಿತು. ನಾನು ಕುರ್ಚಿ ಹತ್ತಿ ಟವೆಲು ಬೀಸಿ ಬೀಸಿ ಸುಸ್ತಾದೆ. ಬಂದವರ ಕೋಟುಗಳಿಗೆ ವಾಸನೆ ಹತ್ತಬಾರದೆಂದು ಅವನ್ನು ಮಹಡಿಯ ಮೇಲಿನ ಮಂಚಕ್ಕೆ ಸಾಗಿಸುವುದು ನನ್ನ ಪಾಲಿನ ಕೆಲಸ.

ಕುವೈತಿನ ಹಯಾ ಆಂಟಿ ಮೊದಲು ಬಂದರು. ನಲವತ್ತರ ಆಸುಪಾಸು, ತಲೆಗೆ ನೀಲಿ ರೇಷ್ಮೆ ವಸ್ತ್ರ, ಮಾತಿಗಿಂತ ಮೊದಲೇ ಬರುವ ನಗು. ಹಿಂದೆಯೇ ಅಪ್ಪನ ಜೊತೆ ನಾಜಿ ಅಂಕಲ್. ಇರಾಕಿನ ಬಸ್ರಾದವರು. ಅರವತ್ತು ದಾಟಿದ ಎತ್ತರದ ಮನುಷ್ಯ, ಕಂದು ಸೂಟಿನೊಳಗೆ ಮೊಣಕೈ ಸವೆದ ಸ್ವೆಟರು. ಇಡೀ ಜೀವಮಾನ ಶಾಲೆಗಳ ಇನ್‌ಸ್ಪೆಕ್ಟರಾಗಿದ್ದರಂತೆ. ಬಂದವರೇ ಮೇಜಿನ ಮೇಲಿದ್ದ ನನ್ನ ಹೋಮ್‌ವರ್ಕ್ ನೋಡಿದರು. ಭಾಗಾಕಾರ ತಪ್ಪಿತ್ತು. ಜೇಬಿನಿಂದ ಪೆನ್ಸಿಲ್ ತೆಗೆದು, ನಮ್ಮ ಶಾಲೆಯಲ್ಲಿ ಹೇಳಿಕೊಡದ ಯಾವುದೋ ಹಳೆಯ ಕ್ರಮದಲ್ಲಿ ಮಾಡಿ ತೋರಿಸಿದರು. ಪಾತ್ರೆ ಹಿಡಿದು ಬಂದ ಅಮ್ಮ ಒಂದು ಕ್ಷಣ ನಿಂತು ಆ ಹಾಳೆ ನೋಡಿ ಮತ್ತೆ ಒಳಗೆ ಹೋದಳು.

ಊಟ ಚೆನ್ನಾಗಿಯೇ ಆಯಿತು. ನೀರುದೋಸೆಯನ್ನು ಇಬ್ಬರೂ ಹೊಗಳಿದರು, ಬೇರೆ ಬೇರೆಯಾಗಿ. ಆಮೇಲೆ ಮೂವರೂ ಸೋಫಾದ ಕಡೆಗೆ ಹೋದರು. ಅಮ್ಮ ಫಿಲ್ಟರ್ ಕಾಫಿ ಮಾಡಿ ಸ್ಟೀಲ್ ಲೋಟಗಳಲ್ಲಿ ಹಾಕಿಕೊಟ್ಟಳು. ನಾನು ತಟ್ಟೆಯಲ್ಲಿಟ್ಟು ಒಯ್ದೆ.

ಇಲ್ಲಿ ನಮ್ಮ ಮನೆಯ ಒಂದು ಕಟ್ಟಳೆ ಹೇಳಬೇಕು. ಬಂದವರು ಆರಿದ ಕಾಫಿ ಕುಡಿಯಬಾರದು. ಯಾರಾದರೂ ಮಾತಿನಲ್ಲಿ ಮೈಮರೆತು ಲೋಟ ಹಾಗೇ ಇಟ್ಟಿದ್ದರೆ, ಅದನ್ನು ಸದ್ದಿಲ್ಲದೆ ಎತ್ತಿ ಚೆಲ್ಲಿ ಬಿಸಿಯಾದದ್ದು ತಂದಿಡಬೇಕು. ಅದು ನನ್ನ ಜವಾಬ್ದಾರಿ. ಇದರಲ್ಲಿ ನನಗೆ ಹದ್ದಿನ ಕಣ್ಣು ಎಂದು ಅಮ್ಮ ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದಳು.

ನಾಜಿ ಅಂಕಲ್ ಲೋಟ ತೆಗೆದುಕೊಂಡರು. ಕುಡಿಯಲಿಲ್ಲ. ಮುಂದಿನ ಪುಟ್ಟ ಮೇಜಿನ ಮೇಲೆ ಇಟ್ಟು, ಕೈಗಳನ್ನು ಮಂಡಿಯ ಮೇಲಿರಿಸಿಕೊಂಡು ಅಪ್ಪನ ಮುಖವನ್ನೇ ನೋಡುತ್ತಾ ಕೂತರು. ಅಪ್ಪ ತಾವು ದಿನಾ ಹತ್ತುವ ರೆಡ್ ಲೈನ್ ರೈಲು ಹಿಮದಲ್ಲಿ ಹೇಗೆ ನಿಂತುಬಿಡುತ್ತದೆ ಎಂದು ವರ್ಣಿಸುತ್ತಿದ್ದರು. ಕಾಫಿಯ ಮೇಲೆ ಕೆನೆ ಕಟ್ಟಿತು. ನಾನು ಎತ್ತಿಕೊಂಡು ಹೋದೆ.

"ಯಾರದ್ದು ಅದು?" ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದ ಅಮ್ಮ ಕೇಳಿದಳು.

"ಅಂಕಲ್‌ದು. ಕೋಲ್ಡ್ ಆಯ್ತು."

"ಚೆಲ್ಲು. ಒಲೆ ಮೇಲೆ ಬಿಸಿ ಉಂಟು."

ಹೊಸ ಲೋಟ ತಂದಿಟ್ಟೆ. ಅವರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ಎತ್ತಿಕೊಂಡು, ಮತ್ತೆ ಅದೇ ಜಾಗದಲ್ಲಿ ಇಟ್ಟರು. ಅಪ್ಪನ ಮಾತು ರೈಲಿನಿಂದ ಬಾತುಗಳಿಗೆ ಬಂದಿತ್ತು. ಎರಡನೆಯದರ ಮೇಲೂ ಕೆನೆ ಕಟ್ಟಿದ್ದೇ ತಡ, ಅದನ್ನೂ ಎತ್ತಿಕೊಂಡು ಹೋಗಿ ಮೂರನೆಯದು ತಂದೆ. ನನಗೆ ನನ್ನ ಚುರುಕಿನ ಬಗ್ಗೆ ಹೆಮ್ಮೆಯೇ ಆಗಿತ್ತು. ಮೂರನೆಯ ಲೋಟವನ್ನು ಅವರು ಕೆಳಗಿಡಲಿಲ್ಲ. ಕುದಿಯುವಷ್ಟು ಬಿಸಿಯಿದ್ದದ್ದನ್ನು ಎದ್ದು ನಿಂತು ಕುಡಿದು ಮುಗಿಸಿ, ಥ್ಯಾಂಕ್ಯೂ ಎಂದು ಕೋಟು ಕೇಳಿದರು. ಹಯಾ ಆಂಟಿ ಕಾರ್ಪೆಟ್ಟನ್ನು ನೋಡುತ್ತಿದ್ದರು, ಅವರ ಮುಖದಲ್ಲಿ ನಗು ಇರಲಿಲ್ಲ. ಹೊರಡುವಾಗ ಅಮ್ಮ ಆಂಟಿಗೆ ಉಳಿದ ಕೋಳಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಕೊಟ್ಟಳು.

ಸೋಮವಾರ ನಾಜಿ ಅಂಕಲ್ ಮೀಟಿಂಗಿಗೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ.

"ಮೈ ಹುಷಾರಿಲ್ಲ ಅಂತ ಹೋಟೆಲ್ ರೂಮಲ್ಲೇ ಕೂತಿದ್ದಾರೆ. ಊರಿಗೆ ಟಿಕೆಟ್ ಬದಲಾಯಿಸಿಕೊಡಿ ಅಂತಿದ್ದಾರೆ," ಅಪ್ಪ ಟೈ ಬಿಚ್ಚುವುದನ್ನೂ ಮರೆತು ಅಡುಗೆಮನೆಯಲ್ಲಿ ನಿಂತಿದ್ದರು. "ಭಾನುವಾರ ನೀನೇನಾದ್ರೂ ಅಂದ್ಯಾ ಅವರಿಗೆ?"

"ನಾನು ಎಂತ ಹೇಳ್ಲಿಲ್ಲ."

"ಹೊರಗೇ ಬರಲಿಲ್ಲ ನೀನು. ಒಂದು ಮಾತಾಡಿಸಲಿಲ್ಲ. ಮನೆಗೆ ಬಂದವರಿಗೆ ಅಷ್ಟೂ ಗೊತ್ತಾಗಲ್ವಾ?"

"ಬಡಿಸ್ಲಿಕ್ಕೆ ಹೇಳಿದ್ರಿ, ಬಡಿಸಿದ್ದೇನೆ."

"ನಿನ್ನ ಹಳೇ ಕೋಪಕ್ಕೆ ನನ್ನ ಕೆಲಸ ಹೋಗುತ್ತೆ ಈಗ. ಪುಟ್ಟಿ ಸ್ಕೂಲೂ ಹೋಗುತ್ತೆ. ನೆಮ್ಮದಿಯಾಯ್ತಾ?"

ಅಮ್ಮ ಒಲೆಯ ಕಡೆಗೆ ತಿರುಗಿ ನಿಂತಳು. ಅವಳು ಉತ್ತರ ಕೊಡದಿರುವುದು ನಮ್ಮ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಮೆಟ್ಟಿಲ ಮೇಲೆ ಕೂತು ನಾನು ಎಲ್ಲ ಕೇಳಿಸಿಕೊಂಡೆ.

ಬುಧವಾರ ಸಂಜೆ ಹಯಾ ಆಂಟಿ ಡಬ್ಬಿ ಹಿಂದಿರುಗಿಸಲು ಅಪ್ಪನ ಜೊತೆ ಬಂದರು. ಖಾಲಿ ಡಬ್ಬಿ ಕೊಡಬಾರದೆಂಬ ಪದ್ಧತಿ ಅವರಲ್ಲಿಯೂ ಇದೆಯಂತೆ, ತುಂಬ ಖರ್ಜೂರ ತಂದಿದ್ದರು. ಅಪ್ಪ ಗ್ಯಾರೇಜಿನಲ್ಲಿದ್ದರು, ಅಮ್ಮ ಒಲೆಯ ಮುಂದೆ. ಆಂಟಿ ನನ್ನ ಪಕ್ಕ ಕೂತು, ಖರ್ಜೂರದ ಬೀಜ ತೆಗೆದು ಕೊಡುತ್ತಾ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

"ಅವತ್ತು ಅವರ ಕಾಫಿ ಎರಡು ಸಲ ಎತ್ತಿಕೊಂಡು ಹೋದೆಯಲ್ಲ, ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳಲಿಲ್ಲ. ಆರಿಹೋಗಿತ್ತು."

ಆಂಟಿ ನನ್ನ ಕೆನ್ನೆ ಸವರಿದರು. "ನಮ್ಮ ಕಡೆ, ಅವರ ಕಡೆಯೂ, ಏನಾದರೂ ಬೇಡಿಕೊಳ್ಳಲು ಬಂದವನು ಕಾಫಿ ಮುಟ್ಟುವುದಿಲ್ಲ. ಮುಂದಿಟ್ಟುಕೊಂಡು ಕೂರುತ್ತಾನೆ. ಮನೆಯ ಯಜಮಾನ, ಏನು ಬೇಕಿತ್ತು ಎಂದು ಕೇಳಬೇಕು. ಕೊಡುತ್ತೇನೆ, ಕಾಫಿ ಕುಡಿಯಿರಿ ಅನ್ನಬೇಕು. ಆಗ ಕುಡಿಯುತ್ತಾನೆ. ಕೇಳದೆಯೇ ಲೋಟ ಎತ್ತಿಕೊಂಡು ಹೋದರೆ, ನಿನ್ನ ಮಾತು ನಮಗೆ ಕೇಳುವುದೇ ಬೇಡ ಎಂದ ಹಾಗೆ."

ನನ್ನ ಬಾಯಿಯಲ್ಲಿದ್ದ ಖರ್ಜೂರ ಅಲ್ಲೇ ನಿಂತಿತು.

"ನೀವು ಯಾಕೆ ಅವತ್ತೇ ಹೇಳಲಿಲ್ಲ?"

ಅವರು ಇನ್ನೊಂದು ಖರ್ಜೂರದ ಬೀಜ ತೆಗೆದರು. "ಅವರು ಏನು ಕೇಳಬಹುದೆಂದು ನನಗೆ ಅಂದಾಜಿತ್ತು. ಕೇಳದಿದ್ದರೆ ನನಗೆ ಸುಲಭವಾಗುತ್ತಿತ್ತು. ಇರಾಕು ನಮ್ಮ ದೇಶಕ್ಕೆ ನುಗ್ಗಿದ ವರ್ಷ ನನ್ನ ತಮ್ಮನನ್ನು ಅವರ ಸೈನಿಕರು ಕರೆದುಕೊಂಡು ಹೋದರು, ಪುಟ್ಟಾ. ಇನ್ನೂ ಬಂದಿಲ್ಲ." ಇಷ್ಟು ಹೇಳಿ ಬೀಜಗಳನ್ನೆಲ್ಲ ಕಾಗದದಲ್ಲಿ ಸುತ್ತಿ ಎದ್ದರು.

ಆ ಸಂಜೆ ನನ್ನ ಪಾಡು ನಾಯಿಗೂ ಬೇಡ. ಸಹಿ ಬೀಳದಿರುವುದಕ್ಕೆ ನಾನು ಕಾರಣ. ಅಪ್ಪನ ಕೆಲಸ ಹೋಗುವುದಕ್ಕೆ ನಾನು ಕಾರಣ. ಅದಕ್ಕಿಂತ ಹೆಚ್ಚಾಗಿ, ಅಮ್ಮ ಮಾಡದ ತಪ್ಪಿಗೆ ಬೈಸಿಕೊಂಡು ಮೂಕಿಯ ಹಾಗೆ ಚಪಾತಿ ಒತ್ತುತ್ತಿದ್ದಾಳೆ, ನಾನು ಎದುರಿಗೇ ಕೂತು ತಿನ್ನುತ್ತಿದ್ದೇನೆ. ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಉಪ್ಪಿನಕಾಯಿ ಕೇಳಿದೆ.

ಗುರುವಾರ ಎದ್ದಾಗ ಹೊರಗೆಲ್ಲ ಬೆಳ್ಳಗೆ. ಟಿವಿಯಲ್ಲಿ ನಮ್ಮ ಕೌಂಟಿಯ ಹೆಸರು ಓಡಿತು, ಶಾಲೆಗೆ ರಜೆ. ಬೇರೆ ದಿನವಾಗಿದ್ದರೆ ಬಟ್ಟೆ ಬುಟ್ಟಿ ತೆಗೆದುಕೊಂಡು ಕೊಳದ ದಿಬ್ಬದ ಮೇಲೆ ಜಾರಲು ಓಡುತ್ತಿದ್ದೆ. ಅಪ್ಪ ಮುಂಜಾನೆಯ ರೈಲಿಗೇ ಹೋಗಿದ್ದರು. ನಾನು ಅಡುಗೆಮನೆಯ ನೆಲದ ಮೇಲೆ, ಅಕ್ಕಿ ಡ್ರಮ್ಮಿಗೆ ಒರಗಿ ಕೂತು, ಅಳುತ್ತಾ ಎಲ್ಲ ಹೇಳಿದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಉಳಿದದ್ದು ಸಿಂಬಳ.

ಅಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆ ಆರಿಸಿ, ಎದುರಿಗೆ ನೆಲದ ಮೇಲೆಯೇ ಕೂತಳು.

"ಹೌದಾ? ಎರಡು ಸಲ ಇಟ್ಟರಾ ಅವರು?"

"ಹೂಂ."

"ಎಂತ ಬೇಕಿತ್ತಂತೆ ಅವರಿಗೆ?"

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನಂತೂ ಕೇಳಿರಲಿಲ್ಲ. ನನಗೆ ಗೊತ್ತಿಲ್ಲ ಎಂದೆ.

"ಬೂಟು ಹಾಕು," ಅಂದಳು ಅಮ್ಮ.

ಫ್ಲಾಸ್ಕಿನಲ್ಲಿ ಕಾಫಿ, ಚೀಲದಲ್ಲಿ ಎರಡು ಲೋಟ. ಅಮ್ಮ ಹಿಮದಲ್ಲಿ ಕಾರು ಓಡಿಸುವವಳಲ್ಲ. ಪಾದ ಮುಳುಗುವ ಹಿಮದಲ್ಲಿ ಬಸ್ಸಿನ ತನಕ ನಡೆದೆವು, ಶೇಡಿ ಗ್ರೋವ್ ನಿಲ್ದಾಣದಲ್ಲಿ ರೈಲು ಹತ್ತಿದೆವು. ಬೋಗಿಯಲ್ಲಿ ನಾವಲ್ಲದೆ ಇಬ್ಬರೋ ಮೂವರೋ ಇದ್ದರು. ದಾರಿಯುದ್ದಕ್ಕೂ ನಾನು ನಿಲ್ದಾಣಗಳನ್ನು ಎಣಿಸಿದೆ. ಟಿಕೆಟ್ ಬದಲಾಯಿಸಿಕೊಂಡು ಅಂಕಲ್ ಹೊರಟೇ ಹೋಗಿದ್ದರೆ? ಅಪ್ಪ ಅಲ್ಲೇ ಸಿಕ್ಕಿಬಿಟ್ಟರೆ? ಅಮ್ಮ ಅಂಕಲ್ ಮೇಲೆ ಕೂಗಾಡಿಬಿಟ್ಟರೆ? ಅವಳ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

ನಾಜಿ ಅಂಕಲ್ ಹೋಟೆಲಿನ ಮಹಡಿಯಿಂದ ಅದೇ ಸ್ವೆಟರಿನಲ್ಲಿ ಇಳಿದು ಬಂದರು. ನಮ್ಮ ಒದ್ದೆ ಬೂಟುಗಳನ್ನು ನೋಡಿ ಗಾಬರಿಯಾದರು. ಅಮ್ಮ ಲಾಬಿಯ ಮೂಲೆಯ ಸೋಫಾದಲ್ಲಿ ಕೂತು, ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿ ಅವರ ಕೈಗೆ ಕೊಟ್ಟಳು. ಅವರು ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ಆಮೇಲೆ ಗಾಜಿನ ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ನನ್ನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಅಮ್ಮ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದಳು.

ಹದಿನಾಲ್ಕು ವರ್ಷದಿಂದ ಬಾಯಿಗೆ ಬಾರದಿದ್ದ ತನ್ನ ಮುರುಕು ಅರಬ್ಬಿಯಲ್ಲಿ ಅವಳು ಒಂದು ಸಾಲು ಹೇಳಿದಳು. ಆಮೇಲೆ ನನಗಾಗಿಯೋ ಏನೋ ಇಂಗ್ಲಿಷಿನಲ್ಲಿ ಕೇಳಿದಳು. "ಹೇಳಿ. ಏನು ಬೇಕಿತ್ತು ನಿಮಗೆ?"

ಅವರು ಮೇಲಿನ ಕೋಣೆಗೆ ಹೋಗಿ ಒಂದು ದಪ್ಪ ನೋಟ್‌ಬುಕ್ ತಂದರು. ಒಳಗೆಲ್ಲ ಕೈಬರಹ, ಬೇರೆ ಬೇರೆಯವರದು. ಈಗಿನ ಯುದ್ಧ ಶುರುವಾದ ವರ್ಷ ಅವರ ಊರಿನಲ್ಲಿ ಎಷ್ಟೋ ಶಾಲೆಗಳ ಕಚೇರಿಗಳು ಲೂಟಿಯಾಗಿ ಸುಟ್ಟುಹೋದವಂತೆ. ದಾಖಲೆಗಳಿಲ್ಲ, ಅಂಕಪಟ್ಟಿಗಳಿಲ್ಲ. ಹಳೆಯ ಮೇಷ್ಟ್ರುಗಳನ್ನು ಮನೆಮನೆಗೆ ಹೋಗಿ ಕೂರಿಸಿ, ನೆನಪಿನಿಂದ ಬರೆಸಿದ ಪಟ್ಟಿ ಅದು. ಈ ಹುಡುಗಿ ಗಣಿತದಲ್ಲಿ ಮೊದಲು, ಈ ಹುಡುಗನ ತಂದೆ ಇಂಥವರು, ಇವನು ಆರನೆಯ ತರಗತಿ ಮುಗಿಸಿದ್ದ.

"ಒಪ್ಪಂದದಲ್ಲಿ ಸರ್ಟಿಫಿಕೇಟು ಇರುವವರಿಗೆ ಎಂದಿದೆ. ಇಲ್ಲದವರಿಗೆ ಒಂದು ಪರೀಕ್ಷೆ ಬರೆಯಲು ಬಿಡಿ ಎಂದು ಒಂದೇ ಸಾಲು ಸೇರಿಸಿ ಅಂದೆ. ಮೀಟಿಂಗಿನಲ್ಲಿ ಮೂರು ಸಲ ಕೇಳಿದೆ, ಕುವೈತಿನವರು ಕಾಗದ ತನ್ನಿ ಅಂದರು. ಮನೆಯಲ್ಲಿ ಕೇಳಿದರೆ ನಿಮ್ಮ ಯಜಮಾನರು ಇಲ್ಲ ಅನ್ನಲಾರರು ಎಂದುಕೊಂಡೆ."

ಅಮ್ಮ ಪುಟಗಳನ್ನು ತಿರುಗಿಸುತ್ತಿದ್ದಳು. ಅರಬ್ಬಿ ಅಕ್ಷರ ಅವಳಿಗೆ ಬರುವುದಿಲ್ಲ, ಅಂಕಿಗಳು ಮಾತ್ರ ಬರುತ್ತವೆ. ಬೆರಳಿಟ್ಟು ಅಂಕಿಗಳನ್ನು ಓದುತ್ತಿದ್ದಳು.

"ನಾನೂ ಟೀಚರ್," ಅಂದಳು, ತಲೆ ಎತ್ತದೆ. "ಕುವೈತಿನಲ್ಲಿ. ನನ್ನ ಕಾಗದಗಳೂ ಹೋದವು. ನಿಮ್ಮವರು ಬಂದ ವರ್ಷ."

ಅವರು ಸ್ವೆಟರಿನ ತೋಳು ಕೆಳಗೆಳೆದುಕೊಂಡರು. ಕಡೆಗೆ ಹೇಳಿದರು: "ಆ ಬಸ್ಸುಗಳನ್ನು ನೋಡಿದ್ದೇನೆ. ನಮ್ಮೂರಿನ ಮೇಲೆಯೇ ಹೋಗುತ್ತಿದ್ದವು. ಶಾಲೆಯ ನಲ್ಲಿ ಬಿಟ್ಟು ನೀರು ಹಿಡಿದು ಕೊಡುತ್ತಿದ್ದೆವು. ಅಷ್ಟೇ ಮಾಡಲು ಆದದ್ದು."

"ಹಸಿರು ಗೇಟಿನ ಶಾಲೆಯಾ?" ಅಮ್ಮನ ದನಿ ಬದಲಾಗಿತ್ತು.

"ಅಲ್ಲ. ನಮ್ಮದಕ್ಕೆ ಗೇಟೇ ಇರಲಿಲ್ಲ."

"ಹಾಗಾದರೆ ಬೇರೆ ಶಾಲೆ." ಅಮ್ಮ ನೋಟ್‌ಬುಕ್ ಮುಚ್ಚಿ ಅವರ ಕಡೆಗೆ ಸರಿಸಿದಳು. "ಆ ಸಾಲು ಸೇರುತ್ತದೆ. ಕಾಫಿ ಕುಡಿಯಿರಿ."

"ನೀವು ಮಾತು ಕೊಡುತ್ತಿದ್ದೀರಾ?"

"ಕೊಡುತ್ತಿದ್ದೇನೆ."

ಅವರು ಕುಡಿದರು. ಅಷ್ಟರಲ್ಲಿ ಅದು ಆರಿಯೇ ಹೋಗಿತ್ತು.

ವಾಪಸು ಬರುವಾಗ ರೈಲಿನಲ್ಲಿ ನನಗೆ ಹೊಸ ಹೆದರಿಕೆ. "ಅಮ್ಮ, ನೀನು ಪ್ರಾಮಿಸ್ ಮಾಡಿದ್ಯಾ? ನಿಂಗೆ ಅಲೌಡ್ ಇದ್ಯಾ?"

"ಇಲ್ಲ," ಅಂದಳು ಅಮ್ಮ, ಕಿಟಕಿಯ ಹೊರಗೆ ನೋಡುತ್ತಾ. ಫ್ಲಾಸ್ಕನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಸಂಜೆ ಅಪ್ಪ ಬಂದರು. ಅಮ್ಮ ಹೇಳಿದಳು. ಅಪ್ಪ ಬೂಟು ಕೂಡ ಬಿಚ್ಚದೆ ನಿಂತು ಕೇಳಿಸಿಕೊಂಡರು.

"ನೀನು ಯಾವ ದೇಶದ ಮಂತ್ರಿ ಅಂತ ಮಾತು ಕೊಟ್ಟು ಬಂದೆ? ನಂಗೇ ಅಷ್ಟು ಪವರ್ ಇಲ್ಲ!"

"ಮನೆ ನನ್ನದಲ್ವಾ? ಕಾಫಿ ನನ್ನದಲ್ವಾ? ಕೇಳಿದ್ದು ನಮ್ಮ ಮನೆಯಲ್ಲಿ."

"ಭಾನುವಾರ ಮುಖ ತಿರುಗಿಸಿದ್ದೂ ನೀನೇ, ಈಗ..."

"ಅಪ್ಪ, ನಾನು," ಎಂದೆ. ಮೆಟ್ಟಿಲ ಮೇಲಿಂದ ಎದ್ದು ನಿಂತಿದ್ದೆ. "ಅಮ್ಮ ಅಲ್ಲ. ಲೋಟ ನಾನು ತಗೊಂಡೆ. ಟೂ ಟೈಮ್ಸ್."

ಅಪ್ಪ ಕೆಳಗಿನ ಮೆಟ್ಟಿಲಲ್ಲಿ ಕೂತುಬಿಟ್ಟರು. ಎಲ್ಲ ಕೇಳಿದ ಮೇಲೆ ನನ್ನ ತಲೆ ಸವರಿದರು. ಅಮ್ಮನ ಕಡೆ ನೋಡಿ, "ಸಾರಿ ಕಣೇ," ಅಂದರು. ಅವರ ಬೂಟಿನ ಹಿಮ ಕರಗಿ ಕಾರ್ಪೆಟ್ಟು ಒದ್ದೆಯಾಗುತ್ತಿತ್ತು, ಅಮ್ಮ ಅದಕ್ಕೂ ಬೈಯಲಿಲ್ಲ.

ಮರುದಿನ ಅಪ್ಪ ಹಯಾ ಆಂಟಿಯ ಹತ್ತಿರ ಹೋದರು. ಏನು ಮಾತಾಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಅವರು ಎರಡು ದಿನ ತಮ್ಮ ದೇಶಕ್ಕೆ ಫೋನು ಮಾಡುತ್ತಲೇ ಇದ್ದರಂತೆ. ಆ ಎರಡು ದಿನ ಮನೆಯಲ್ಲಿ ಫೋನು ಹೊಡೆದಾಗಲೆಲ್ಲ ನಾನು ಬಚ್ಚಲಿಗೆ ಓಡುತ್ತಿದ್ದೆ. ಕಡೆಗೆ, ಕಾಗದವಿಲ್ಲದ ಮಕ್ಕಳು ಗಡಿ ದಾಟಿ ಕುವೈತಿಗೆ ಬಂದು ಪರೀಕ್ಷೆ ಬರೆಯಬಹುದು, ಪ್ರಶ್ನೆಪತ್ರಿಕೆ ತಮ್ಮದು, ಎಂದು ಒಪ್ಪಿದರು. ಸಾಲು ಸೇರಿತು. ಮುಂದಿನ ವಾರ, ಮಂಗಳವಾರ ಮಧ್ಯಾಹ್ನ, ಸಹಿ ಬಿತ್ತೆಂದು ಅಪ್ಪ ಅಮ್ಮನಿಗೆ ಫೋನು ಮಾಡಿದರು. ನಾನು ಶಾಲೆಯಿಂದ ಬಂದಾಗ ಅಮ್ಮ ಒಲೆಯ ಮುಂದೆ ನಿಂತು ಕೇಸರಿಬಾತು ತಿರುವುತ್ತಾ ಅಳುತ್ತಿದ್ದಳು. ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದು ಎಸೆದೆ. ಅವತ್ತು ಎರಡು ಬಟ್ಟಲು ತಿಂದೆ, ಹೊಟ್ಟೆ ನೋಯಲಿಲ್ಲ.

ಅಪ್ಪನ ಕರಾರು ಮುಂದುವರಿಯಿತು, ಕೆಲವು ವರ್ಷಕ್ಕೆ ಕಾಯಂ ಆಯಿತು. ನಾನು ಅದೇ ಬಸ್ಸು ಹತ್ತಿದೆ, ಅದೇ ಊರಿನಲ್ಲಿ ಹೈಸ್ಕೂಲು ಮುಗಿಸಿದೆ, ಹತ್ತಿರದ ಕಾಲೇಜ್ ಪಾರ್ಕ್ ಎಂಬ ಊರಿನ ಯೂನಿವರ್ಸಿಟಿಯಲ್ಲಿ ಡಿಗ್ರಿ ಪಡೆದೆ. ಕಟ್ಟಳೆ ಪ್ರಕಾರ ಹೆಸರು ಕೂಗಿದಾಗ ವೇದಿಕೆ ಹತ್ತಿ ಕಾಗದ ಇಸಿದುಕೊಂಡೆ. ಈಗ ಆ ಟೌನ್‌ಹೌಸಿನಲ್ಲಿ ಬೇರೆ ಯಾರೋ ಇದ್ದಾರೆ. ಶಾಲೆಗೆ ರಜೆ ಎಂಬುದು ನನ್ನ ಮಗನ ಶಾಲೆಯಿಂದ ಮೆಸೇಜಾಗಿ ಹಿಂದಿನ ದಿನವೇ ಬಂದುಬಿಡುತ್ತದೆ. ನಮ್ಮ ಮನೆಗೆ ಊಟಕ್ಕೆ ಬರುವವರು ವಾರ ಮುಂಚೆ ಕೇಳಿಕೊಂಡು, ಎರಡು ಗಂಟೆ ಕೂತು, ಏನನ್ನೂ ಬೇಡದೆ ಹೊರಟುಹೋಗುತ್ತಾರೆ. ಅಪ್ಪ ನಿವೃತ್ತರಾಗಿದ್ದಾರೆ, ದೇಶಗಳ ವಿಷಯ ಮಾತಾಡುವುದಿಲ್ಲ.

ನಾಜಿ ಅಂಕಲ್ ಮೊದಲ ವರ್ಷ ಅಪ್ಪನಿಗೆ ಆಗಾಗ ಇಮೇಲ್ ಬರೆಯುತ್ತಿದ್ದರು. ಪಟ್ಟಿ ತಯಾರಾಗಿದೆ, ಮಕ್ಕಳು ಓದುತ್ತಿದ್ದಾರೆ, ಪರೀಕ್ಷೆಯ ದಿನಕ್ಕೆ ಕಾಯುತ್ತಿದ್ದೇವೆ ಎಂದು. ಆ ಬೇಸಿಗೆಯಲ್ಲಿ ಪರೀಕ್ಷೆ ಮುಂದಕ್ಕೆ ಹೋಯಿತು. ರಸ್ತೆ ಸುರಕ್ಷಿತವಲ್ಲ ಎಂದರು. ಮುಂದಿನ ವರ್ಷ ಅಲ್ಲಿ ಗಲಭೆ ಇನ್ನೂ ಹೆಚ್ಚಾಯಿತು, ಇಲ್ಲಿ ಅಧಿಕಾರಿಗಳು ಬದಲಾದರು, ಹಯಾ ಆಂಟಿಯನ್ನು ಬೇರೆ ಇಲಾಖೆಗೆ ಹಾಕಿದರು. ಇಮೇಲುಗಳು ನಿಂತವು. ಅಪ್ಪ ಫೋನು ಮಾಡಿದರೆ ಆ ನಂಬರು ಚಾಲ್ತಿಯಲ್ಲಿರಲಿಲ್ಲ. ಅಮ್ಮ ಎಷ್ಟೋ ದಿನ ಟಿವಿಯಲ್ಲಿ ಆ ಊರಿನ ಹೆಸರು ಬಂದರೆ ಕೈ ಒರೆಸಿಕೊಂಡು ಬಂದು ಹಿಂದೆ ಓಡಾಡುವವರ ಮುಖಗಳನ್ನು ನೋಡುತ್ತಿದ್ದಳು.

ಆ ಗಡಿಯನ್ನು ಪರೀಕ್ಷೆಗೆಂದು ಒಂದು ಮಗುವೂ ದಾಟಲಿಲ್ಲ. ಆ ನೋಟ್‌ಬುಕ್ಕಿನಲ್ಲಿ ಗಣಿತದಲ್ಲಿ ಮೊದಲಿದ್ದ ಹುಡುಗಿಗೆ ಈಗ ನನ್ನಷ್ಟೇ ವಯಸ್ಸಾಗಿರಬೇಕು. ಅವಳ ಸಲುವಾಗಿ ಹಾಕಿದ ಆ ಸಹಿಯಿಂದ ಶಾಲೆ ತಪ್ಪದೆ ಉಳಿದ ಮಗು, ನನಗೆ ತಿಳಿದ ಮಟ್ಟಿಗೆ, ನಾನೊಬ್ಬಳೇ.